ಗ್ರಾಫಿಗೆ ಇಸ್ತ್ರಿ

ಸರಾಸರಿ ಎಂಬ ಪದ ಕಿವಿಗೆ ಬಿದ್ದರೆ ಸಾಕು, ನನಗೆ ಮೈಯೆಲ್ಲ ಉರಿಯುತ್ತದೆ. ಡೊಂಬಿವಲಿ ಲೋಕಲ್ ರೈಲುಗಳಿಗೆ ಇಡೀ ದಿನದ ಸರಾಸರಿ ತೆಗೆದರೆ ಎಲ್ಲರಿಗೂ ಕೂರಲು ಜಾಗವಿದೆ ಎಂದೇ ಬಂದೀತು. ಹಾಗೆ ಲೆಕ್ಕ ಹಾಕಿದವನನ್ನು ಬೆಳಗಿನ ಫಾಸ್ಟ್ ಗಾಡಿಯ ಬಾಗಿಲಿಗೆ ನೇತುಹಾಕಬೇಕು, ಆಗ ಗೊತ್ತಾಗುತ್ತದೆ.

ನಾನು ಮಹಾಪೆಯ ಕಾರ್ಖಾನೆಯೊಂದರಲ್ಲಿ ಯಂತ್ರಗಳ ನಡುಕ ಅಳೆಯುವವನು. ನಮ್ಮಪ್ಪ ಕಲಬುರಗಿಯಿಂದ ಬಂದು ಘೋಡಬಂದರ್ ರಸ್ತೆಯ ಕಟ್ಟಡಗಳಿಗೆ ಇಟ್ಟಿಗೆ ಹೊತ್ತು ನನ್ನನ್ನು ಓದಿಸಿದ. ನಮ್ಮ ಮನೆತನದಲ್ಲಿ ಮೊದಲ ಡಿಗ್ರಿ ನನ್ನದು, ಹೇಳಿಕೊಳ್ಳಲು ನಾಚಿಕೆಯಿಲ್ಲ. ಒದ್ದಾಡಿ ಕಲಿತದ್ದರಲ್ಲಿ ನನಗೆ ಬಲು ಪ್ರೀತಿಯದು ವೇವ್ಲೆಟ್. ಅಂದರೆ ಒಂದು ಪುಟ್ಟ ಅಲೆ. ಅದನ್ನು ಹಿಗ್ಗಿಸಿ ಯಂತ್ರದ ನಡುಕದ ಮೇಲೆ ಸರಿಸುತ್ತ ಹೋದರೆ ನಿಧಾನದ ಗುಂಯ್‌ಗುಡುವಿಕೆ ಸಿಗುತ್ತದೆ. ಕುಗ್ಗಿಸಿ ಸರಿಸಿದರೆ ಕಣ್ಣು ಮಿಟುಕಿಸುವಷ್ಟರಲ್ಲಿ ಬಂದು ಹೋಗುವ ‘ಟಕ್’ ಕೂಡ ಸಿಕ್ಕಿಬೀಳುತ್ತದೆ, ಯಾವ ಗಳಿಗೆಯಲ್ಲಿ ಬಂತೆಂಬುದರ ಸಮೇತ.

ನಮ್ಮ ದೊಡ್ಡ ಕಂಪ್ರೆಸರ್‌ನಲ್ಲಿ ಅಂಥ ಟಕ್‌ಗಳು ಸಿಕ್ಕವು. ಹೊತ್ತುಗೊತ್ತಿಲ್ಲದೆ ಬರುತ್ತಿದ್ದವು. ಬೇರಿಂಗ್ ಬಿರುಕು ಬಿಟ್ಟಿದೆ, ನಿಲ್ಲಿಸದಿದ್ದರೆ ಒಡೆದು ಪಕ್ಕದಲ್ಲಿ ನಿಂತವರ ಮೈಮೇಲೆ ಬರುತ್ತದೆ ಎಂದೆ. ಮ್ಯಾನೇಜರ್ ಉಡುಪಿ ಕಡೆಯ ಶೆಟ್ಟರು. ಗ್ರಾಫ್ ನೋಡಿ, “ಎಂತದು ಮಾರಾಯ, ಮುಳ್ಳುಹಂದಿಯ ಹಾಗೆ ಉಂಟಲ್ಲ! ಸೇಠ್‌ಗೆ ಇದೆಲ್ಲ ಆಗುದಿಲ್ಲ. ಸ್ವಲ್ಪ ಇಸ್ತ್ರಿ ಹಾಕು” ಎಂದರು. ಇಸ್ತ್ರಿ ಎಂದರೆ ಅದೇ, ಸರಾಸರಿ ತೆಗೆದು ಟಕ್‌ಗಳ ಮುಳ್ಳು ಅಳಿಸುವುದು. ಮಾಲೀಕರಾದ ಸೇಠ್ ಮುಂದಿಡುವ ಪ್ರತಿ ಗ್ರಾಫನ್ನೂ ಹಾಗೆ ನಯ ಮಾಡುವುದು ನಮ್ಮಲ್ಲಿನ ಪದ್ಧತಿ.

ನಾನು ಒಲ್ಲೆ ಎಂದೆ. ಮೀಟಿಂಗಿನಲ್ಲಿ ಶೆಟ್ಟರೇ ಇಸ್ತ್ರಿ ಹಾಕಿ ತಂದ ಗ್ರಾಫ್ ತೋರಿಸಿದಾಗ ನನ್ನ ಪಿತ್ತ ನೆತ್ತಿಗೇರಿತು. ಮೇಜು ಗುದ್ದಿ, “ಮುಳ್ಳು ಕಿತ್ತಿ ತೋರ್ಸಿದ್ರ ಬಿರುಕು ಕೂಡ್ತದೇನ್ರೀ?” ಎಂದು ಒದರಿದೆ. ಕನ್ನಡ ಬಾರದ ಸೇಠ್‌ಗೆ ಒಂದಕ್ಷರವೂ ತಿಳಿದಿರಲಿಕ್ಕಿಲ್ಲ. ಅವರು ಶೆಟ್ಟರ ಕಡೆ ತಿರುಗಿ ಹಿಂದಿಯಲ್ಲಿ, “ಇವನು ಹಿಂದೆ ಯಾವತ್ತಾದರೂ ಹೀಗೆ ಕೂಗಿದ್ದಾನಾ?” ಎಂದು ಕೇಳಿದರು.

“ಇಲ್ಲ ಸೇಠ್, ಇವನಿಗೆ ಬಾಯೇ ಇಲ್ಲ.”

“ಹಾಗಾದರೆ ಮಶೀನ್ ಬಂದ್ ಮಾಡಿ.”

ಬಿಚ್ಚಿದರು. ಬೇರಿಂಗ್ ಬಿರುಕು ಬಿಟ್ಟಿತ್ತು. ಯಾರಿಗೂ ಏನೂ ಆಗಲಿಲ್ಲ, ಅದು ಸರಿಯೇ. ಆದರೆ ನನ್ನ ಸಿಟ್ಟು ಇಮ್ಮಡಿಯಾಯಿತು. ಇವರಿಗೆ ನನ್ನ ಡಿಗ್ರಿ ಬೇಡ, ಗಂಟಲು ಬೇಕು!

ಮನೆಗೆ ಬಂದು ಇದನ್ನೇ ಹೆಂಡತಿಯ ಮುಂದೆ ಕೂಗಾಡಿದೆ. ಅವಳು ಮಿಕ್ಸರ್‌ಗೆ ಶೇಂಗಾ ಸುರಿಯುತ್ತ, “ಅಲ್ಲಿ ಎಂದಿಲ್ಲದ್ದು ಇವತ್ತ ಒದರಿದ್ರಿ, ಮಶೀನ ನಿಲ್ಲಿಸಿದ್ರು. ಇಲ್ಲಿ ದಿನಾ ಒದರ್ತೀರಿ” ಎಂದು ಗುಂಡಿ ಒತ್ತಿದಳು.

ನಾನು ಇನ್ನೂ ಏನೋ ಹೇಳುತ್ತಲೇ ಇದ್ದೆ, ಮಿಕ್ಸರ್ ನಿಲ್ಲಲಿಲ್ಲ.