ಮೆಣಸಿನಕಾಯಿ ಮನೆತನದ ಮೆನ್

ಠಕ್, ಠಕ್! ಪಕ್ಕದ ಅಪಾರ್ಟ್‌ಮೆಂಟಿನ ಮಿಸ್ ಪಿಮ್ ಊರುಗೋಲಿನಿಂದ ಗೋಡೆ ಬಡಿದರೆ ಸಾಕು, ರಜನಿಯ ಗಂಡ ವೀರೇಂದ್ರ ಊಟದ ತಟ್ಟೆ ಬಿಟ್ಟು ಏಳುತ್ತಿದ್ದ. ಆ ಮುದುಕಿಯ ಅಜ್ಜ ಸ್ಪೇನಿನಿಂದ ಕ್ಯೂಬಾಕ್ಕೆ, ಅಲ್ಲಿಂದ ನ್ಯೂಜೆರ್ಸಿಗೆ ಬಂದವನು. ಅವನ ಮನೆತನದ ಮೂಲ ಹುಡುಕಿಕೊಡುವುದಾಗಿ ವೀರೇಂದ್ರ ಮಾತು ಕೊಟ್ಟಿದ್ದ. (ವೈ-ಟು-ಕೆ ಎಂಬ ಕಂಪ್ಯೂಟರ್ ದುರಸ್ತಿ ಮುಗಿದು ಆಫೀಸಿನಲ್ಲಿ ಕೆಲಸ ತೆಳುವಾಗಿದ್ದ ಕಾಲ.) ಆದರೆ ಇಂಟರ್ನೆಟ್ ಮಹಾಸಾಗರವನ್ನೆಲ್ಲ ಕಡೆದರೂ ಸ್ಪೇನಿನಲ್ಲಿ ಒಬ್ಬನೇ ಒಬ್ಬ ಪಿಮ್ ಸಿಗಲಿಲ್ಲ.

ಮನೆಯೊಳಗೆ ಬೇರೆಯೇ ವಂಶದ ಕದನ. ರಜನಿಗೆ ಎಂಟು ತಿಂಗಳು; ಸ್ಕ್ಯಾನಿನಲ್ಲಿ ಹೆಣ್ಣೆಂದು ತಿಳಿದಿತ್ತು. ಬ್ಯಾಡಗಿಯ ಮೆಣಸಿನಕಾಯಿ ಮನೆತನದ ವೀರೇಂದ್ರ ಆಫೀಸಿನವರ ನಾಲಿಗೆಗೆ ದಯೆ ತೋರಿ ‘ವೀರ್ ಮೆನ್’ ಆಗಿದ್ದ. (‘ಮೆನ್’ ಎಂಬ ಫಲಕ ನೋಡಿ, ಶೌಚಕ್ಕೆ ಅವಸರದಲ್ಲಿದ್ದ ಗಂಡಸರು ಅವನ ಕ್ಯೂಬಿಕಲ್ಲಿಗೇ ನುಗ್ಗುತ್ತಿದ್ದರು.) ಈಗ ಮಗಳಿಗೂ ಅದೇ ಹೆಸರೆಂದು ಹಟ.

“ಅಲ್ರೀ, ಹೆಣ್ಣುಕೂಸಿಗೆ ಮೆನ್ ಅಂತೀರೇನ್ರೀ? ಸಿರಿ ಮೆಣಸಿನಕಾಯಿ ಅಂದ್ರ ಬಾಯಿ ಉರೀತದೇನು?”

“ನಿನಗ ತಿಳ್ಯಂಗಿಲ್ಲ. ಸಾಲ್ಯಾಗ ಟೀಚರ್‌ಗಳ ನಾಲಿಗಿ ಮುರೀತಾವ.”

“ಮುರೀಲಿ. ನಾವು ಅವರ ಹೆಸರು ಕಲತಿಲ್ಲೇನು?”

ಒಂದು ಭಾನುವಾರ ಮಿಸ್ ಪಿಮ್ ಗಂಡಹೆಂಡಿರಿಬ್ಬರನ್ನೂ ಕೂರಿಸಿಕೊಂಡು ಕ್ಯೂಬಾದ ಹವಾನಾದಲ್ಲೇ ಉಳಿದಿದ್ದ ಸೋದರತ್ತೆಗೆ ಫೋನ್ ಹಚ್ಚಿದರು. ಫೋನ್ ಇಟ್ಟಾಗ ಅವರ ಕಣ್ಣು ತುಂಬಿತ್ತು. “ನಾವು ಪಿಮ್ ಅಲ್ಲವಂತೆ, ಪಿಮಿಯೆಂತಾ. ಇಲ್ಲಿನವರಿಗೆ ಕರೆಯಲು ಸುಲಭವಾಗಲಿ ಎಂದು ಅಜ್ಜನೇ ಕತ್ತರಿಸಿದನಂತೆ.”

ತಿಂಗಳುಗಟ್ಟಲೆ ಪಟ್ಟ ಶ್ರಮ ನೀರುಪಾಲಾದ ಸಿಟ್ಟು ವೀರೇಂದ್ರನ ನೆತ್ತಿಗೇರಿತು. “ಎಂಥ ಮನುಷ್ಯ ನಿಮ್ಮಜ್ಜ! ಕರೆಯುವವರ ನಾಲಿಗೆಗಾಗಿ ಹೆಸರಿನ ಕತ್ತು ಕುಯ್ಯುವುದೇ? ಮುಂದೆ ಮೊಮ್ಮಕ್ಕಳು ಹುಡುಕುತ್ತಾರೆಂಬ ಜ್ಞಾನ ಬೇಡವೇ?”

ರಜನಿ ಹೊಟ್ಟೆಯ ಮೇಲೆ ಕೈಯಿಟ್ಟು ಗಂಡನನ್ನೇ ನೋಡಿದಳು. ಪಾಪ, ಆ ಅಜ್ಜನೂ ಹಡಗಿನಿಂದಿಳಿದು, ಮಕ್ಕಳಿಗೆ ಒಳ್ಳೆಯದಾಗಲೆಂದೇ ಕತ್ತರಿ ಹಿಡಿದಿರಬೇಕು ಎನಿಸಿತು.

ಮಿಸ್ ಪಿಮ್ ಕಣ್ಣೊರೆಸಿಕೊಂಡು ನಕ್ಕರು. “ಪಿಮಿಯೆಂತಾ ಎಂದರೆ ಸ್ಪ್ಯಾನಿಷ್‌ನಲ್ಲಿ ಕಾಳುಮೆಣಸು. ಅದನ್ನು ಹುಡುಕಿ ನಿಮ್ಮ ದೇಶಕ್ಕೆಂದು ಹಡಗೇರಿದ ನಮ್ಮ ಸ್ಪೇನಿನವರಿಗೆ ಈ ಅಮೆರಿಕದ ಕಡೆ ಸಿಕ್ಕಿದ್ದು ಬರೀ ಮೆಣಸಿನಕಾಯಿ! ಅದು ಹಡಗು ಹತ್ತಿ ನಿಮ್ಮ ದೇಶಕ್ಕೂ ಹೋಯಿತಂತೆ. ಅಂದಹಾಗೆ ಮಿಸ್ಟರ್ ಮೆನ್, ನಿಮ್ಮ ಹೆಸರಿಗೇನು ಅರ್ಥ?”

ವೀರೇಂದ್ರನ ಮುಖ ಒಣಗಿದ ಬ್ಯಾಡಗಿಯಂತಾಯಿತು. ಕೆಂಪೂ ಏರಿತು, ಸುಕ್ಕೂ ಬಿತ್ತು.

“ಹೇಳ್ರೀ,” ಎಂದಳು ರಜನಿ.

“ನಾ ಬೈದದ್ದು ಅವರಜ್ಜಗ,” ಎನ್ನುತ್ತ ಅವನು ಎದ್ದ. “ಕೂಸಿನ ಹೆಸರು ಪೂರ್ತಿನ ಇರಲಿ. ಆದ್ರ ನೀ ಹೇಳಿದ್ದಕ್ಕಲ್ಲ ಮತ್ತ, ನಾನೂ ಮೊದಲಿಂದ ಅದನ್ನ…” ಎಂದು ಗೊಣಗುತ್ತ ಬಾಗಿಲು ದಾಟಿದ.