ಇಡ್ಲಿ ತಟ್ಟೆಯಲ್ಲಿ ಐಸು

ನಾನು ಓದಿದ್ದು ನಾಲ್ಕನೇ ಕ್ಲಾಸು. ಅದರಲ್ಲೂ ಕೊನೆಯ ಕೆಲವು ತಿಂಗಳು ಶಾಲೆಯ ಹೊರಗಿನ ಹುಣಸೆ ಮರದ ಮೇಲೆ ಕಳೆದವು. ಆದರೂ ರಾಜಾಜಿನಗರದಲ್ಲಿ ಬಣ್ಣಬಣ್ಣದ ರುಚಿಯ ಐಸು ಮಾಡಿದ ಮೊದಲನೆಯ ಮನುಷ್ಯ ನಾನೇ ಎಂದು ಇವತ್ತಿಗೂ ಎದೆ ತಟ್ಟಿ ಹೇಳುತ್ತೇನೆ. ಮುಂದೆ ನಡೆದದ್ದನ್ನು ಹೇಳುವಾಗ ಮಾತ್ರ ದನಿ ಸ್ವಲ್ಪ ತಗ್ಗುತ್ತದೆ.

ಆಗ ರಾಜಾಜಿನಗರ ಇನ್ನೂ ಹೊಸದು. ಮನೆಗಳಿಗಿಂತ ನಿವೇಶನದ ಕಲ್ಲುಗಳೇ ಜಾಸ್ತಿ. ನಾನು ಹತ್ತಿರದ ಕಾರ್ಖಾನೆಯೊಂದರಲ್ಲಿ ಫಿಟ್ಟರ್ ಕೈಕೆಳಗೆ ಕೆಲಸ ಮಾಡಿಕೊಂಡು, ಅಕ್ಕ ಭಾವನ ಮನೆಯಲ್ಲಿ ಇದ್ದೆ. ಕುರುಬರಹಳ್ಳಿಯಿಂದ ಬಂದು ಬಾಡಿಗೆಗಿದ್ದ ಅಕ್ಕನನ್ನು ಬೀದಿಯ ಹೆಂಗಸರು ಅರಿಶಿನ ಕುಂಕುಮಕ್ಕೂ ಕರೆದಿರಲಿಲ್ಲ. ಆ ವರ್ಷ ರಾಮನವಮಿಗೆ ಬೀದಿಯಲ್ಲಿ ಚಪ್ಪರ ಹಾಕಿದಾಗ, ಎಲ್ಲರಿಗೂ ಹಿರಿಯರಾದ ರುಕ್ಮಿಣಮ್ಮನವರು ತಾವಾಗಿಯೇ ಮನೆಗೆ ಬಂದು, ಪಾನಕ ನೀನೇ ಮಾಡಮ್ಮ ಎಂದು ಹೇಳಿ ಹೋದರು. ಅಕ್ಕ ತೊಳೆದ ಪಾತ್ರೆಗಳನ್ನೇ ಮತ್ತೆ ತೊಳೆದಳು. ಪಾನಕ ಚೆನ್ನಾದರೆ ಅವಳು ಬೀದಿಯವಳು. ಕೆಟ್ಟರೆ ಬಾಡಿಗೆಯವಳು.

ಇಂಥ ಗಂಭೀರ ಸಂದರ್ಭದಲ್ಲಿ ತಮ್ಮನಾದವನು ಸುಮ್ಮನಿರಬಹುದೇ?

ಐಸ್‌ಕ್ರೀಮ್ ಮಾರುವವನು ಡಬ್ಬಿಯ ಸುತ್ತ ಐಸಿನ ಚೂರು ಮತ್ತು ಕಲ್ಲುಪ್ಪು ತುಂಬುವುದನ್ನು ನಾನು ನೋಡಿದ್ದೆ. ಉಪ್ಪು ಬಿದ್ದ ಐಸು ಎಷ್ಟು ತಣ್ಣಗಾಗುತ್ತದೆಂದರೆ, ಅದರೊಳಗೆ ಏನಿಟ್ಟರೂ ಗಟ್ಟಿಯಾಗುತ್ತದೆ. ಅಷ್ಟು ವಿದ್ಯೆ ಸಾಕಿತ್ತು. ಮರದ ಹೊಟ್ಟು ತುಂಬಿದ ಗೋಣಿಚೀಲದಲ್ಲಿ ಐಸಿನ ದಿಮ್ಮಿ ಸುತ್ತಿ ಸೈಕಲ್ಲಿನ ಮೇಲೆ ತಂದೆ. ಮನೆ ಮುಟ್ಟುವಷ್ಟರಲ್ಲಿ ದಿಮ್ಮಿ ಅರ್ಧವಾಗಿತ್ತು, ನನ್ನ ಪಂಚೆ ಪೂರ್ತಿ ಒದ್ದೆಯಾಗಿತ್ತು.

ಅಚ್ಚಿಗೆ ಏನು ಮಾಡುವುದು? ಅಕ್ಕನ ಹಿತ್ತಾಳೆಯ ಇಡ್ಲಿ ತಟ್ಟೆಗಳು ಕಣ್ಣಿಗೆ ಬಿದ್ದವು. ಆದರೆ ಒಂದೊಂದು ಕುಳಿಯಲ್ಲೂ ಆವಿ ಏರಲೆಂದು ತೂತುಗಳಿದ್ದವು. ಅವನ್ನು ಮುಚ್ಚಬೇಕಿತ್ತು. ಮೇಣದಿಂದ ಮುಚ್ಚಿದರೆ ಬಾಯಿಗೆ ಸಿಕ್ಕೀತು, ಹಿಟ್ಟಿನಿಂದ ಮುಚ್ಚಿದರೆ ಬಿಳಿ ತೇಲೀತು. ನಾನು ಬೆಲ್ಲ ಮೆತ್ತಿ ಮುಚ್ಚಿದೆ. ಹೇಗೂ ಪಾನಕಕ್ಕೇ ಹೋಗುವ ಬೆಲ್ಲ! ಈ ಉಪಾಯ ಹೊಳೆದಾಗ ನನ್ನ ಬೆನ್ನನ್ನು ನಾನೇ ತಟ್ಟಿಕೊಳ್ಳಲು ನೋಡಿದೆ. ಕೈ ಎಟುಕಲಿಲ್ಲ.

ಒಂದು ತಟ್ಟೆಗೆ ನಿಂಬೆಯ ಶರಬತ್ತು, ಒಂದಕ್ಕೆ ಸೊಗದೆ ಬೇರಿನದು, ಇನ್ನೊಂದಕ್ಕೆ ಪುದೀನ ರಸ ಹುಯ್ದು, ಪ್ರತಿ ಕುಳಿಗೂ ಒಂದು ಗುಲಾಬಿ ಎಸಳು ಇಟ್ಟೆ. ಕೊಳಗದಲ್ಲಿ ಐಸು ಮತ್ತು ಕಲ್ಲುಪ್ಪು ಹಾಸಿ, ಅದರ ಮೇಲೆ ತಟ್ಟೆಗಳನ್ನು ಕೂರಿಸಿ, ಗೋಣಿ ಹೊದಿಸಿದೆ. ಮಧ್ಯಾಹ್ನ ತೆಗೆದಾಗ ಹಳದಿ, ಕೆಂಪು, ಹಸಿರು ಇಡ್ಲಿಗಳು ಗಾಜಿನಂತೆ ಹೊಳೆಯುತ್ತಿದ್ದವು. ಅಕ್ಕ ನೋಡಿ, "ಇದನ್ನ ನೀನೇ ಮಾಡಿದ್ಯಾ ಸೀನ?" ಎಂದಳು. ಅವಳು ನನ್ನನ್ನು ಹಾಗೆ ನೋಡಿದ್ದು ಅದೇ ಮೊದಲು.

ತಟ್ಟೆಯಲ್ಲಿ ಬೆಲ್ಲ ಇರಲಿಲ್ಲವೆಂಬುದನ್ನು ನಾನು ಗಮನಿಸಲೇ ಇಲ್ಲ. ಅದು ಯಾವಾಗಲೋ ಕರಗಿ, ಆ ತೂತುಗಳಿಂದ ಕೆಳಗಿನ ಉಪ್ಪುನೀರು ಮೇಲೇರಿ, ಸಿಹಿಯ ಜೊತೆಗೇ ಹೆಪ್ಪುಗಟ್ಟಿತ್ತು.

ದೇವರಿಗೆ ಬೇರೆ ತಂಬಿಗೆಯಲ್ಲಿ ಪಾನಕ ನೈವೇದ್ಯವಾಯಿತು. ಆಮೇಲೆ ನಾನು ಎಲ್ಲರ ಕಣ್ಣೆದುರಿಗೆ ದೊಡ್ಡ ಹಂಡೆಯ ಪಾನಕಕ್ಕೆ ಐಸು ಇಳಿಸಿದೆ. ಜನ ಮುತ್ತಿಕೊಂಡರು. ಮುದುಕರೊಬ್ಬರು ಚಟ್ನಿ ಎಲ್ಲಿ ಎಂದು ಕೇಳಿದರು. ಐಸು ಇನ್ನೂ ಕರಗಿರಲಿಲ್ಲವಾದ್ದರಿಂದ ಮೊದಲ ಲೋಟಗಳೆಲ್ಲ ಅಮೃತ. ಅಕ್ಕನನ್ನು ಹೊಗಳಿದವರಿಗೆಲ್ಲ ನಾನೇ ಮುಂದೆ ಬಂದು ಕೈ ಮುಗಿದೆ.

ರುಕ್ಮಿಣಮ್ಮನವರು ಕೊನೆಗೆ ಬಂದರು. ಯುಗಾದಿಯಿಂದ ಅವರು ಉಪ್ಪು ಮುಟ್ಟದ ವ್ರತ ಹಿಡಿದಿದ್ದರು. ಕೋಸಂಬರಿಯನ್ನು ಬೇಡವೆಂದು, ಪಾನಕ ಮಾತ್ರ ತೆಗೆದುಕೊಂಡರು. ಆ ರಾತ್ರಿಯ ಊಟಕ್ಕೆ ವ್ರತ ಮುಗಿಯುವುದಿತ್ತು. ಅವರು ಬರುವಷ್ಟರಲ್ಲಿ ಐಸೆಲ್ಲ ಕರಗಿತ್ತು.

ಒಂದು ಗುಟುಕು ನುಂಗಿ ಅವರು ಲೋಟ ಕೆಳಗಿಟ್ಟರು. "ಇದಕ್ಕೆ ಉಪ್ಪು ಹಾಕಿದ್ದು ಯಾರು?"

ಅಕ್ಕ ಅಂಗೈಗೆ ಹಾಕಿಕೊಂಡು ರುಚಿ ನೋಡಿದಳು. ಆಮೇಲೆ ನನ್ನನ್ನು ನೋಡಿದಳು. ನಾನು ಚಪ್ಪರದ ಗರಿಗಳನ್ನು ಪರೀಕ್ಷಿಸುವುದರಲ್ಲಿ ಮಗ್ನನಾಗಿದ್ದೆ.

"ನಾನೇ ಅಮ್ಮ, ಕೈತಪ್ಪಾಯ್ತು," ಎಂದಳು ಅಕ್ಕ.

ವ್ರತವನ್ನು ಮೊದಲಿನಿಂದ ಹಿಡಿಯಬೇಕೆಂದು ಪುರೋಹಿತರು ತೀರ್ಮಾನ ಕೊಟ್ಟರು. ಹಾಗಿದ್ದರೆ ನಾನೂ ನಿಮ್ಮ ಜೊತೆ ಹಿಡಿಯುತ್ತೇನೆ ಎಂದು ಅಕ್ಕ ಅಲ್ಲೇ ಹೇಳಿಬಿಟ್ಟಳು. ಆಗಲಾದರೂ ನಾನು ಬಾಯಿ ಬಿಡಬಹುದಿತ್ತು. ಬಿಟ್ಟೆ, ಆದರೆ ಕೋಸಂಬರಿ ತಿನ್ನಲು.

ಮಾರನೆಯ ದಿನದಿಂದ ಅಕ್ಕ ಸಪ್ಪೆ ಅಡುಗೆ ಕಟ್ಟಿಕೊಂಡು ರುಕ್ಮಿಣಮ್ಮನವರ ಮನೆಗೆ ಹೋಗಿ ಅವರೊಡನೆಯೇ ಉಣ್ಣತೊಡಗಿದಳು. ನಮಗೆ ಉಪ್ಪು ಹಾಕಿಯೇ ಮಾಡುತ್ತಿದ್ದಳು, ಆದರೆ ರುಚಿ ನೋಡುವಂತಿರಲಿಲ್ಲ. ಒಂದು ದಿನ ಸಾರು ಸಮುದ್ರ, ಇನ್ನೊಂದು ದಿನ ಕೆರೆ. ಭಾವ ತಲೆ ಎತ್ತಿ ಹೇಗಿದೆಯೋ ಎಂದು ಕೇಳಿದರೆ, ಚೆನ್ನಾಗಿದೆ ಭಾವ ಎನ್ನುತ್ತಿದ್ದೆ. ಅನ್ನವನ್ನು ಮಾತ್ರ ತಟ್ಟೆಯ ಅಂಚಿಗೆ ತಳ್ಳಿ ಎದ್ದುಬಿಡುತ್ತಿದ್ದೆ.

ಕೊನೆಗೊಂದು ದಿನ ತಡೆಯಲಾರದೆ ರುಕ್ಮಿಣಮ್ಮನವರ ಮನೆಗೆ ಹೋದೆ. ಇಬ್ಬರೂ ಎಲೆಯ ಮುಂದೆ ಕೂತು ಏನಕ್ಕೋ ನಗುತ್ತಿದ್ದರು. ನಾನು ಕೈಕಟ್ಟಿ ನಿಂತು, ಇಡ್ಲಿ ತಟ್ಟೆಯಿಂದ ಹಿಡಿದು ಬೆಲ್ಲದವರೆಗೆ ಎಲ್ಲವನ್ನೂ ಒಪ್ಪಿಸಿದೆ.

"ಅವತ್ತೇ ಗೊತ್ತಿತ್ತು ಕಣಯ್ಯ," ಎಂದರು ರುಕ್ಮಿಣಮ್ಮ. "ನೀನು ಚಪ್ಪರ ನೋಡ್ತಾ ನಿಂತಿದ್ದು ಇಡೀ ಬೀದಿಗೆ ಕಾಣಿಸ್ತಿತ್ತು."

"ಮತ್ತೆ ಅಕ್ಕನ್ನ ಯಾಕೆ ವ್ರತ ಹಿಡಿಯೋಕೆ ಬಿಟ್ರಿ ಅಮ್ಮ?"

"ಒಬ್ಬಳೇ ಸಪ್ಪೆ ತಿಂದು ತಿಂದು ನನಗೂ ಬೇಜಾರಾಗಿತ್ತು," ಎಂದವರೇ ಅಕ್ಕನ ಕಡೆ ತಿರುಗಿ, "ಇವನಿಗೂ ಒಂದು ಎಲೆ ಹಾಕು," ಎಂದರು.

ನಾನೂ ಅಭಿಮಾನದಿಂದ ವ್ರತ ಸ್ವೀಕರಿಸಿ, ಕಾರ್ಖಾನೆಯಲ್ಲೆಲ್ಲ ಹೇಳಿಕೊಂಡು ತಿರುಗಿದೆ. ಅವರಿಬ್ಬರ ವ್ರತ ಸಾಂಗವಾಗಿ ಮುಗಿಯಿತು. ರುಕ್ಮಿಣಮ್ಮನವರು ಅಕ್ಕನಿಗೆ ಮಡಿಲು ತುಂಬಿದರು. ಮರು ವರ್ಷದ ಪಾನಕವನ್ನೂ ಅವಳಿಗೇ ಒಪ್ಪಿಸಿದರು. ನನ್ನ ಐಸು ಇಲ್ಲದಿದ್ದರೆ ಇಷ್ಟೆಲ್ಲ ಆಗುತ್ತಿತ್ತೇ ಎಂದು ಅಕ್ಕನನ್ನು ಕೇಳಿದೆ. ಅವಳು ಇಡ್ಲಿ ತಟ್ಟೆಗಳನ್ನು ಅಟ್ಟದ ಮೇಲೆ ಇಡುತ್ತಿದ್ದಳು, ಕೇಳಿಸಲಿಲ್ಲವೆಂದು ಕಾಣುತ್ತದೆ.

ನನ್ನ ವ್ರತವೇ? ಹಿಡಿದ ಮರುದಿನ ಬೆಳಿಗ್ಗೆಯೇ ಕ್ಯಾಂಟೀನಿನಲ್ಲಿ ಈರುಳ್ಳಿ ಬೋಂಡ ಕರಿಯುತ್ತಿದ್ದರು. ಅಂದಿನಿಂದ ಪ್ರತಿ ಯುಗಾದಿಗೂ ಹೊಸದಾಗಿ ಹಿಡಿಯುತ್ತಿದ್ದೇನೆ. ಪ್ರಗತಿ ಇದೆ. ಈ ಸಲ ಯುಗಾದಿಯ ಮಾರನೆಯ ದಿನ ಮಧ್ಯಾಹ್ನದವರೆಗೂ ಬಂದಿದ್ದೆ.