ಹೆಚ್ಚಿಗೆ ಬಂದ ವೈರು

“ಎಡಗಡೆಯಿಂದ ಎರಡನೇದು ಅಂದೆ ಕಣೇ!”

“ಎರಡನೇದಕ್ಕೇ ಹಾಕಿದೀನಲ್ರೀ.”

“ಅದು ಮೂರನೇದು!”

“ನಿಮ್ಮ ಕಡೆಯಿಂದ ಮೂರನೇದು. ನಾನು ಎದುರಿಗೆ ಕೂತಿಲ್ವಾ?”

ದೋಣಿಯವನು ಇಂಜಿನ್ನಿನ ಆ ಬದಿ, ಹೆಂಡತಿ ಈ ಬದಿ. ಇಬ್ಬರ ತಲೆಯೂ ಇಂಜಿನ್ ಪೆಟ್ಟಿಗೆಯೊಳಗೆ. ನಾಲ್ಕು ಹೊಸ ಸ್ಪಾರ್ಕ್ ಪ್ಲಗ್ ಕೂರಿಸಿದ್ದೇನೋ ಸರಿ, ಆದರೆ ಹೊಸ ವೈರು ಹಾಕಲೆಂದು ಆತುರಗೇಡಿ ಹಳೇ ವೈರುಗಳನ್ನೆಲ್ಲ ಕಳೆ ಕಿತ್ತ ಹಾಗೆ ಒಟ್ಟಿಗೇ ಕಿತ್ತುಹಾಕಿದ್ದ. ಈಗ ಯಾವುದು ಎಲ್ಲಿಗೆಂಬುದು ದೇವರಿಗೇ ಗೊತ್ತು.

“ಒಂದು ಕಿತ್ತು ಒಂದು ಹಾಕಿ ಅಂತ ಬಡ್ಕೊಂಡೆ.”

“ಬಡ್ಕೊಂಡಿದ್ದು ಕಿತ್ತಮೇಲೆ!”

ಆತುರಕ್ಕೆ ಕಾರಣ ದೋಣಿಯ ಹಿಂಬದಿಯಲ್ಲೇ ಚೀಲ ತಬ್ಬಿಕೊಂಡು ಕೂತಿತ್ತು: ಅತ್ತೆ. ಕಿರಿಮಗಳ ಊರಿನ ಬಸ್ಸು ಹೊರಡುವುದು ಹೊಳೆಯ ಆಚೆ ದಡದಿಂದ. ಇವತ್ತು ತಪ್ಪಿದರೆ ಇನ್ನು ಮುಂದಿನ ವಾರವೇ. ಬಂದಾಗಿನಿಂದ ಅತ್ತೆ ಅಳಿಯನ ಗೊರಕೆಯನ್ನೂ ತಿದ್ದುತ್ತಿದ್ದರು. ಇನ್ನೊಂದು ವಾರ ಅಂದರೆ ಉಸಿರಾಟಕ್ಕೂ ಕೈ ಹಾಕುತ್ತಾರೆ ಎಂಬ ಭಯ ಅವನದು.

“ಅಳಿಯಂದ್ರೇ, ಮೆಕ್ಯಾನಿಕ್ ಕರೆಸಬಹುದಿತ್ತಲ್ವಾ?”

“ಇಷ್ಟಕ್ಕೆಲ್ಲ ಮೆಕ್ಯಾನಿಕ್ ಯಾಕತ್ತೆ? ಆಗೇಹೋಯ್ತು!”

ಕೀಲಿ ತಿರುಗಿಸಿದ. ಇಂಜಿನ್ ಕುರ್ರ್ ಕುರ್ರ್ ಎಂದು ಗಂಟಲು ಸರಿಮಾಡಿಕೊಂಡು ಸುಮ್ಮನಾಯಿತು.

“ನೋಡಿದ್ಯಾ? ನಿನ್ನ ಎಡದಿಂದ ಆಗಿದ್ದು.”

“ಹಾಗಾದ್ರೆ ನಿಮ್ಮ ಎಡದಿಂದಾನೇ ಹಾಕಿ.”

ಹಾಕಿದ. ಮತ್ತೆ ಅದೇ ಕುರ್ರ್ ಕುರ್ರ್.

“ಈಗೇನಂತೀರಿ?”

“ಪ್ಲಗ್ಗೇ ಸರಿಯಿಲ್ಲ.”

“ನಾಲ್ಕೂನಾ?”

“ಒಂದೇ ಡಬ್ಬೀದಲ್ವಾ, ಸಹವಾಸದೋಷ.”

ಹೆಂಡತಿ ನಗು ನುಂಗಿಕೊಂಡು ಅವನ ಮೊಣಕಾಲ ಕೆಳಗೆ ನೋಡಿದಳು.

“ರೀ, ಕಾಲಡಿ ಇರೋ ಆ ಗಿಡ್ಡ ವೈರು ಏನು?”

“ಅದಾ? ಎಕ್ಸ್‌ಟ್ರಾ. ಅಂಗಡಿಯವನು ಒಂದು ಹೆಚ್ಚಿಗೇ ಹಾಕಿದಾನೆ, ಪಾಪ, ಒಳ್ಳೆ ಮನುಷ್ಯ.”

“ಮತ್ತೆ ಕರೆಂಟು ಕೊಡೋ ಕಾಯಿಲ್‌ನಿಂದ ಈ ಮುಚ್ಚಳಕ್ಕೆ ಬರೋ ವೈರೆಲ್ಲಿ? ನಡುವಿನ ತೂತು ಬಾಯಿಬಿಟ್ಕೊಂಡು ನಿಮ್ಮನ್ನೇ ನೋಡ್ತಿದೆ!”

ಅವನು ನೋಡಿದ. ತೂತೂ ಅವನನ್ನು ನೋಡಿತು.

“ಅದನ್ನ ಕೊನೇಲಿ ಹಾಕೋಣ ಅಂತಲೇ ಇಟ್ಟಿದ್ದೆ.”

“ಹೌದೌದು. ಒಳ್ಳೆ ಮನುಷ್ಯ ಪಾಪ, ಇತ್ಲಾಗೆ ಕೊಡಿ.”

ಅವಳೇ ವೈರಿನ ಒಂದು ತುದಿಯನ್ನು ಕಾಯಿಲ್‌ಗೆ ಸಿಕ್ಕಿಸಿ, ಇನ್ನೊಂದನ್ನು ನಡುವಿನ ತೂತಿಗೆ ಒತ್ತಿದಳು. ಅವನು ಕೀಲಿ ತಿರುಗಿಸಿದ್ದೇ ತಡ, ಇಂಜಿನ್ ದೋಣಿಯೆಲ್ಲ ನಡುಗುವಂತೆ ಗುಡುಗಿತು. ದೋಣಿಯವನು ಯುದ್ಧ ಗೆದ್ದವನ ಹಾಗೆ ಎದ್ದು ನಿಂತ.

“ಅತ್ತೇ, ಹಗ್ಗ ಬಿಚ್ಚಿ! ಹೊರಟ್ವಿ!”

ತಿರುಗಿ ನೋಡಿದರೆ ದೋಣಿ ಕಟ್ಟಿದ್ದ ತಮ್ಮೂರಿನ ಕಟ್ಟೆ ಹೊಳೆಯ ಆ ಕಡೆ, ಅಂಗೈಯಷ್ಟು ಚಿಕ್ಕದಾಗಿ ಕಾಣುತ್ತಿತ್ತು. ದೋಣಿ ಆಗಲೇ ಆಚೆ ದಡದ ಕಂಬಕ್ಕೆ ಅಚ್ಚುಕಟ್ಟಾಗಿ ಕಟ್ಟಿಸಿಕೊಂಡಿತ್ತು. ಹಿಂಬದಿಯಲ್ಲಿ ಒದ್ದೆ ಹುಟ್ಟು ಮಲಗಿತ್ತು.

ಚೀಲ ಹೆಗಲಿಗೇರಿಸಿದ ಅತ್ತೆ ಮೆಟ್ಟಿಲ ಮೇಲೆ ನಿಂತು, ಸೆರಗಿನಿಂದ ಬೆವರು ಒರೆಸಿಕೊಳ್ಳುತ್ತ ಕೂಗಿದರು:

“ಅದನ್ನ ಸ್ವಲ್ಪ ಆರಿಸಿ ಅಳಿಯಂದ್ರೇ, ಬಸ್ಸಿನ ಹಾರನ್ನೇ ಕೇಳಿಸ್ತಿಲ್ಲ!”